ಹಳದಿ ಛತ್ರಿ, ನೀಲಿ ಛತ್ರಿ

ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಪುಣೆ ಬಸ್ಸಿನ ಡಿಕ್ಕಿ ತೆರೆದು ಕಂಡಕ್ಟರ್ ಎರಡು ಗಂಟು ಎತ್ತಿ ಕೊಟ್ಟಾಗ ನನಗೆ ನಂಬಿಕೆಯೇ ಬರಲಿಲ್ಲ. ಒಂದೊಂದೂ ತಲೆದಿಂಬಿನಷ್ಟೇ ಇತ್ತು.

"ಇಷ್ಟೇ ಏನ್ರಿ?" ಎಂದೆ.

"ಮತ್ತ ಆನೀ ಮರಿ ಕಳಿಸ್ಯಾರಂತ ತಿಳ್ಕೊಂಡಿದ್ರೇನು?" ಎಂದು ಅವನು ಡಿಕ್ಕಿಯ ಬಾಗಿಲು ಬಡಿದ.

ಗಂಟುಗಳಲ್ಲಿದ್ದದ್ದು ಪ್ಯಾರಾಗ್ಲೈಡರ್. ಎಂಜಿನ್ ಇಲ್ಲದ ಬಟ್ಟೆಯ ರೆಕ್ಕೆ. ಗುಡ್ಡದ ಅಂಚಿನಿಂದ ಓಡಿದರೆ ಗಾಳಿ ಅದರ ಹೊಟ್ಟೆ ತುಂಬಿ ಮೇಲಕ್ಕೆ ಎತ್ತುತ್ತದೆ. ದಾರಗಳ ಕೆಳಗೆ ಒಂದು ಪಟ್ಟಿಯ ಕುರ್ಚಿಯಲ್ಲಿ ನಾವು ಕೂತಿರುತ್ತೇವೆ. ಬಿಸಿಲಿಗೆ ಕಾದ ನೆಲದಿಂದ ಏಳುವ ಬಿಸಿಗಾಳಿ ಸಿಕ್ಕರೆ ಹದ್ದಿನ ಹಾಗೆ ಸುತ್ತುತ್ತ ಎಷ್ಟೋ ಹೊತ್ತು ಇರಬಹುದು. ನಮ್ಮ ಕಡೆ ಎಲ್ಲರೂ ಅದಕ್ಕೆ ಛತ್ರಿ ಎನ್ನುತ್ತಾರೆ. ನಾನೂ ಹಾಗೇ ಅನ್ನುತ್ತೇನೆ.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಪುಣೆಯ ಆಚೆ ಘಟ್ಟದಲ್ಲಿ ಹಾರುವವರನ್ನು ಗುಡ್ಡ ಹತ್ತಿಸುವ ಜೀಪು ಓಡಿಸಲು ಹೋಗಿ, ಅವರ ಚೀಲ ಹೊತ್ತು, ಛತ್ರಿ ಮಡಚಿ, ಕೊನೆಗೆ ನಾನೇ ಹಾರಲು ಕಲಿತೆ. ಕಲಿಸಿದ ಉಸ್ತಾದರು ಸೊಲ್ಲಾಪುರ ಕಡೆಯವರು, ಮನೆಯಲ್ಲಿ ಕನ್ನಡ ಮಾತಾಡುವವರು. ಮಕ್ಕಳು ದೊಡ್ಡವರಾದ ಮೇಲೆ ಊರಿಗೆ ಬಂದೆ. ಮನೆ ಬಸವಕಲ್ಯಾಣದಲ್ಲಿ, ನಾರಾಯಣಪುರ ರಸ್ತೆಯ ಕಡೆ. ಹುಮನಾಬಾದ್ ಬೈಪಾಸಿನಲ್ಲಿ ಲಾರಿಗಳ ತಾಡಪತ್ರಿ ಹೊಲಿಯುವ ಅಂಗಡಿ ಇಟ್ಟೆ. ಹೈದರಾಬಾದಿನಿಂದ ಸೊಲ್ಲಾಪುರದವರೆಗೆ ಯಾವ ಡ್ರೈವರನನ್ನು ಕೇಳಿದರೂ ನನ್ನ ಹೊಲಿಗೆ ಬಿಚ್ಚಿತೆಂದು ಹೇಳಲಾರ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಊರ ಹಿಂದೆ ನೆಲ ಒಮ್ಮೆಲೆ ಮುಗಿದು ಕೆಳಗಿನ ಹೊಲಗಳಿಗೆ ಇಳಿಯುವ ಕೆಂಪು ಕಲ್ಲಿನ ಗುಡ್ಡವಿದೆ. ರಜೆಯ ದಿನ ಅಲ್ಲಿಂದ ಹಾರುತ್ತಿದ್ದೆ. ಆದರೆ ಅದಕ್ಕೆ ಗಾಡಿ ಹೋಗುವ ದಾರಿಯಿಲ್ಲ, ನಡೆದೇ ಹತ್ತಬೇಕು. ಬೆನ್ನಿನ ಮಣಿ ಸರಿದು ಡಾಕ್ಟರು ಭಾರ ಎತ್ತಬೇಡಿರೆಂದ ಮೇಲೆ ಹಳೆಯ ಛತ್ರಿಯ ಚೀಲ ಮೂಲೆ ಸೇರಿತು. ಹದ್ದುಗಳು ಗುಡ್ಡದ ಮೇಲೆ ಸುತ್ತುವುದನ್ನು ನೋಡಬಾರದೆಂದು ನಾನು ಬಸ್ಸಿನಲ್ಲಿ ಆ ಕಡೆಯ ಕಿಟಕಿಯಲ್ಲಿ ಕೂರುವುದನ್ನೇ ಬಿಟ್ಟೆ.

ಆಗ ಉಸ್ತಾದರ ಫೋನು ಬಂತು.

"ಈಗ ಹಗರ ಛತ್ರಿ ಬಂದಾವೋ ತಮ್ಮಾ. ನನ್ನ ಹತ್ರ ಎರಡು ಉಳದಾವ. ನಿನ್ನ ಹಳೇದು ಇತ್ತ ಕಳಿಸು, ಕಲಿಯೋರು ನೆಲದ ಮ್ಯಾಲ ಆಡಿಸ್ತಾರ. ಎರಡೂ ಕಳಿಸ್ತೀನಿ, ಹಾರಿ ನೋಡು. ಒಂದು ನಿನಗ. ಇನ್ನೊಂದು ದಸರಾ ಘಟ ಹಾಕೋದ್ರೊಳಗ ವಾಪಸ್ ಬರ್ಬೇಕು, ಅದಕ್ಕ ಬ್ಯಾರೆಯವ್ರು ಕಾಯಾಕತ್ತಾರ. ಇದಾದ ಮ್ಯಾಲ ನಾ ಅಂಗಡಿ ಮುಚ್ಚಾಕತ್ತೇನಿ. ನನ್ನ ಮಣಕಾಲೂ ಹೋಗ್ಯಾವ."

ಹಳೆಯದನ್ನು ಬಸ್ಸಿಗೆ ಹಾಕಿ ಕಳಿಸಿದೆ. ಹೀಗೆ ಆ ಎರಡು ದಿಂಬುಗಳು ನನ್ನ ಕೈಗೆ ಬಂದವು. ಒಂದು ಹಳದಿ, ಒಂದು ನೀಲಿ.

ಎರಡೂ ಮಧ್ಯಮ ದರ್ಜೆಯವು. ಕಲಿಯುವವರ ಛತ್ರಿ ಏನು ತಪ್ಪು ಮಾಡಿದರೂ ತಾನೇ ಸರಿಪಡಿಸಿಕೊಳ್ಳುತ್ತದೆ. ಪೈಪೋಟಿಯವರ ಛತ್ರಿ ಯಾವ ತಪ್ಪನ್ನೂ ಸಹಿಸುವುದಿಲ್ಲ. ಇವು ನಡುವಿನವು, ತಪ್ಪು ಮಾಡಿದರೆ ಒಮ್ಮೆ ಗದರಿಸಿ ಆಮೇಲೆ ಬಿಡುತ್ತವೆ. ನನ್ನಂಥ ಹಳಬನಿಗೆ ಅದೇ ಸರಿ.

ಅಂಗಡಿಯ ನೆಲ ಗುಡಿಸಿ, ಎರಡನ್ನೂ ಅರ್ಧರ್ಧ ಬಿಚ್ಚಿ ನೋಡಿದೆ. ಹಳದಿಯ ಬಟ್ಟೆ ಪೂರ್ತಿ ತೆಳು, ಈರುಳ್ಳಿ ಸಿಪ್ಪೆಯ ಹಾಗೆ. ನೀಲಿಯದರಲ್ಲಿ ಗಾಳಿ ಬಡಿಯುವ ಮುಂದಿನ ಅಂಚಿಗೆ ಮಾತ್ರ ದಪ್ಪ ಬಟ್ಟೆ, ಹಿಂದೆ ತೆಳು. ಹಳದಿಯ ದಾರಗಳಿಗೆ ಮೇಲುಹೊದಿಕೆ ಇಲ್ಲ, ಬರಿಯ ನೂಲು. ಜಾಲಿ ಮುಳ್ಳಿಗೆ ಸಿಕ್ಕರೆ ಬಿಡಿಸುವುದು ಕಷ್ಟ. ನೀಲಿಯ ಕೆಳಗಿನ ದಾರಗಳಿಗೆ ಹೊದಿಕೆ ಇತ್ತು. ನಮ್ಮ ಕಸುಬಿನವರು ಮಾಡುವ ಹಾಗೆ ಬಟ್ಟೆಯನ್ನು ತುಟಿಗೆ ಒತ್ತಿ ಊದಿದೆ. ಎರಡರಲ್ಲೂ ಉಸಿರು ಒಂದಿಷ್ಟೂ ಆಚೆ ದಾಟಲಿಲ್ಲ. ಛತ್ರಿಯ ಜೀವ ಇರುವುದು ಅದರಲ್ಲೇ. ಬಟ್ಟೆಯ ಮೇಲೆ ಕಣ್ಣಿಗೆ ಕಾಣದ ಒಂದು ಲೇಪವಿರುತ್ತದೆ, ಅದು ಗಾಳಿಯನ್ನು ಒಳಗೆ ಹಿಡಿದಿಡುತ್ತದೆ.

ಪಕ್ಕದ ಪಂಕ್ಚರ್ ಅಂಗಡಿಯವ ಬಂದು ಹಳದಿಯ ತುದಿಯನ್ನು ಬೆಳಕಿಗೆ ಹಿಡಿದ. "ಅರೆ ಮಾಮೂ, ಇದ್ರಾಗ ಚಾ ಸೋಸೂದ ಏನು?"

"ಚಾ ಅಲ್ಲೋ, ನಿನ್ನ ಬುದ್ಧಿ ಸೋಸೂದು. ಕೈ ತಗಿ, ಆಯಿಲ್ ಹತ್ತತದ."

"ನೀಲಿ ಇಟ್ಕೊ ಮಾಮೂ. ಹಳದಿ ಭಾಳ ನಾಜೂಕ್ ಅದ. ಮಜಬೂತ್ ಮಾಲ್ ಮಜಬೂತೇ."

ಅವನ ಮಾತು ತಪ್ಪಲ್ಲ. ಆದರೆ ಪ್ರತಿ ಛತ್ರಿಯೂ ಇಷ್ಟರಿಂದ ಇಷ್ಟು ತೂಕ ಎಂದು ಒಳಗೆ ಬರೆದುಕೊಂಡೇ ಬರುತ್ತದೆ. ಕುರ್ಚಿ, ಹೆಲ್ಮೆಟ್ಟು ಎಲ್ಲ ಕಟ್ಟಿಕೊಂಡು ತೊಗರಿ ತೂಗುವ ಕಾಟಾದ ಮೇಲೆ ನಿಂತೆ. ಹಳದಿಗೆ ನಾನು ಸರಿಯಾಗಿ ನಡುವೆ ಬಿದ್ದೆ. ನೀಲಿಗೆ ಕೆಳಗಿನ ಅಂಚಿನಲ್ಲಿ. ಹಗುರಾದವನು ದೊಡ್ಡ ಛತ್ರಿಯಲ್ಲಿ ಕೂತರೆ ಅದು ಮೆತ್ತಗಾಗಿ, ಒರಟು ಗಾಳಿಗೆ ಮಡಚಿಕೊಳ್ಳುತ್ತದೆ. ಕಾಗದದ ಲೆಕ್ಕ ಹಳದಿಯ ಕಡೆ, ಕೈಯ ಅಂದಾಜು ನೀಲಿಯ ಕಡೆ. ಇನ್ನು ಗುಡ್ಡವೇ ಹೇಳಬೇಕಿತ್ತು.

ನನ್ನ ಹೆಂಡತಿಯ ವಿಷಯ ಇಲ್ಲೇ ಹೇಳಬೇಕು. ಮದುವೆಯಾದಂದಿನಿಂದ ಅವಳು ನನ್ನ ಹಳೆಯ ಛತ್ರಿಯನ್ನು ಒಂದು ದಿನವೂ ಮುಟ್ಟಿರಲಿಲ್ಲ. ಅದಕ್ಕೆ ಹೆಣದ ಬಟ್ಟೆ ಎನ್ನುತ್ತಿದ್ದಳು. ಚೀಲ ಅಡ್ಡ ಬಂದರೆ ಸುತ್ತು ಹಾಕಿ ಹೋಗುತ್ತಿದ್ದಳು. ನಾನು ಹಾರಲು ಹೋದ ದಿನ ಒಲೆ ಹಚ್ಚುತ್ತಿರಲಿಲ್ಲ. ನಾನು ತಿರುಗಿ ಬಂದು ಚಪ್ಪಲಿ ಬಿಟ್ಟ ಸಪ್ಪಳ ಕೇಳಿದ ಮೇಲೆಯೇ ರೊಟ್ಟಿ ಬಡಿಯಲು ಕೂರುತ್ತಿದ್ದಳು. ಆದರೆ ಬೆನ್ನು ಹೋಗಿ ನಾನು ಹಾರಲಾಗದೆ ಕೂತ ಆ ಎರಡು ವರ್ಷ ಅವಳು ನನ್ನ ಮುಖ ನೋಡಿದ್ದಳು. ಹೊಸ ಗಂಟುಗಳನ್ನು ಮನೆಗೆ ತಂದಾಗ ದೂರದಿಂದಲೇ ನೋಡಿ, "ಇವು ಜರಾ ಹಗರ ಅದಾವೇನ್ರಿ?" ಎಂದಷ್ಟೇ ಕೇಳಿದಳು. ಛತ್ರಿಯ ಬಗ್ಗೆ ಅವಳು ಬೈಯದೆ ಆಡಿದ ಮೊದಲ ಮಾತು ಅದು.

ಮಳೆ ಹಿಂದೆ ಸರಿದು ಬಿಸಿಲು ಬಿದ್ದ ಮೇಲೆ ಮೊದಲು ನೀಲಿಯನ್ನು ಹೊತ್ತೆ. ಅರ್ಧ ಗುಡ್ಡಕ್ಕೆ ಒಮ್ಮೆ, ತುದಿಯ ಹತ್ತಿರ ಇನ್ನೊಮ್ಮೆ ಕೂತೆ. ಬೆನ್ನಿನಿಂದ ಕಾಲಿಗೆ ಮಿಂಚು ಇಳಿಯಿತು. ಮೇಲೆ ಹೋದ ಮೇಲೆ ಮಾತ್ರ ನೀಲಿ ಬಹಳ ಒಳ್ಳೆಯದು. ನಿಧಾನ ಎದ್ದಿತು, ತಲೆಯ ಮೇಲೆ ಬಂದು ನಿಂತಿತು, ಗಾಳಿ ಅಲುಗಾಡಿಸಿದರೂ ಅಲುಗದೆ ನನ್ನನ್ನು ಕೆಳಗಿಳಿಸಿತು. ಆದರೆ ಬಿಸಿಗಾಳಿ ಎಲ್ಲಿದೆ ಎಂದು ಅದು ಬಾಯಿ ಬಿಟ್ಟು ಹೇಳಲಿಲ್ಲ. ಎರಡು ವರ್ಷದ ಮೇಲೆ ಹಾರಿದ್ದೆ, ಕಣ್ಣು ತುಂಬಿದವು. ಮಾರನೇ ದಿನ ಹಾಸಿಗೆ ಬಿಟ್ಟು ಏಳಲಾಗಲಿಲ್ಲ.

ಬೆನ್ನು ಸ್ವಲ್ಪ ತಣ್ಣಗಾದ ಮೇಲೆ ಹಳದಿಯನ್ನು ಹೊತ್ತೆ. ಎಲ್ಲೂ ಕೂರಲಿಲ್ಲ. ಹೆಗಲ ಮೇಲೆ ಏನೋ ಇದೆ ಎಂಬುದೇ ಮರೆತುಹೋಗಿತ್ತು. ಅದು ಏಳುವುದೂ ಹಾಗೆಯೇ, ಒಂದು ಜಗ್ಗಿಗೆ ಮೇಲೆ, ಬ್ರೇಕಿನ ದಾರ ಹಿಡಿಯದಿದ್ದರೆ ತಲೆ ದಾಟಿ ಮುಂದಕ್ಕೆ ಹೋಗುವ ಅವಸರ. ಗಾಳಿಯಲ್ಲಿ ಪ್ರತಿ ಅಲುಗಾಟವನ್ನೂ ದಾರದ ಮೂಲಕ ಕೈಗೆ ತಂದು ಕೊಡುತ್ತಿತ್ತು. ಬಿಸಿಗಾಳಿ ಕುರ್ಚಿಯ ಎಡಬದಿ ಎತ್ತಿದ ಕೂಡಲೇ ಎಡಕ್ಕೆ ತಿರುಗಿದೆ. ನೆಲ ಕೆಳಗಿಳಿಯುತ್ತ ಹೋಯಿತು. ಕೊಹಿನೂರ ಹಳ್ಳಿಯ ಕಡೆಯ ರಸ್ತೆಯ ಮೇಲೆ ಬಸ್ಸು ಬೆಂಕಿಪೆಟ್ಟಿಗೆಯಷ್ಟಾಯಿತು. ಹದ್ದೊಂದು ಪಕ್ಕದಲ್ಲಿ ಬಂದು ಕತ್ತು ಹೊರಳಿಸಿ ನೋಡಿತು. ಅಲ್ಲೇ ನಾನು ತೀರ್ಮಾನ ಮಾಡಿದೆ.

ಇಳಿಯುವಾಗ ಹೆಸರಿನ ಬೆಳೆ ಕಿತ್ತ ಖಾಲಿ ಹೊಲಕ್ಕೆ ಗುರಿಯಿಟ್ಟಿದ್ದೆ. ಕೆಳಗೆ ಗಾಳಿ ಕೈಕೊಟ್ಟಿತು. ಈಚೆಯ ಹೊಲದಲ್ಲಿ ಹಸಿ ಗೊಬ್ಬರ ಹರವುತ್ತಿದ್ದವನ ಮುಂದೆಯೇ ಇಳಿದೆ, ಛತ್ರಿ ಕೆಸರಿನ ಮೇಲೆ ಮಲಗಿತು.

"ಕಾಕಾ, ಇಷ್ಟು ದೊಡ್ಡ ಆಕಾಶ ಬಿಟ್ಟು ನನ್ನ ಗೊಬ್ಬರದಾಗೇ ಬಂದ್ರಲ್ರಿ!"

"ನಿನ್ನ ಹೊಲ ಮ್ಯಾಲಿಂದ ಭಾಳ ಚಂದ ಕಂಡ್ತು."

"ಹಂಗಾದ್ರ ಬರ್ರಿ, ಒಂದು ಬುಟ್ಟಿ ನೀವೂ ಹರವರಿ!" ಎಂದು ಅವನು ನಗುತ್ತ ನನ್ನನ್ನು ಎಬ್ಬಿಸಿದ.

ಇಂಥ ಬಟ್ಟೆಯ ಕೆಸರನ್ನು ಒಣಗಲು ಬಿಟ್ಟು, ಮೆತ್ತನೆಯ ಒಣ ಅರಿವೆಯಿಂದ ಝಾಡಿಸಬೇಕು. ಸಾಬೂನು ತಾಕಿಸಬಾರದು, ಉಜ್ಜಬಾರದು. ಮನೆಯ ಹಿಂದಿನ ಕೋಣೆಯಲ್ಲಿ ಹಗ್ಗಕ್ಕೆ ಹಾಕಿ, ಮರುದಿನ ಬಂದು ಝಾಡಿಸಿದರಾಯಿತೆಂದು ಬಿಟ್ಟೆ.

ಮರುದಿನ ನೀಲಿಯನ್ನು ಹುಮನಾಬಾದಿಗೆ ಒಯ್ದು ಪುಣೆ ಬಸ್ಸಿಗೆ ಹಾಕಿದೆ. ಬಸ್ಸು ಹೊರಟ ಮೇಲೆ ಉಸ್ತಾದರಿಗೆ ಫೋನು ಮಾಡಿದೆ.

"ಹಳದಿ ಇಟ್ಕೊಂಡೀನ್ರಿ."

"ನಿನ್ನ ವಯಸ್ಸಿಗೆ ನೀಲಿ ಛಲೋ ಇತ್ತಲ್ಲೋ."

"ವಯಸ್ಸಿಗೆ ಕೇಳಿಲ್ರಿ, ಬೆನ್ನಿಗೆ ಕೇಳೀನಿ."

ಅವರು ಜೋರಾಗಿ ನಕ್ಕರು. ಆ ದಿನ ಅಂಗಡಿ ಬೇಗ ಮುಚ್ಚಿದೆ.

ನಮ್ಮ ಕಡೆ ದಸರೆಗೆ ಘಟ ಹಾಕುವ ಮೊದಲು ಮನೆಯಲ್ಲಿರುವ ಬಟ್ಟೆಯೆಲ್ಲ ನೀರು ಕಾಣಬೇಕು. ಕೌದಿ, ಜಮಖಾನೆ, ದಿಂಬಿನ ಚೀಲ, ಪೆಟ್ಟಿಗೆಯ ತಳದ ಹಳೇ ಸೀರೆಯವರೆಗೆ ಒಂದನ್ನೂ ಬಿಡುವುದಿಲ್ಲ. ತೊಳೆಯದ ಬಟ್ಟೆ ಮನೆಯಲ್ಲಿದ್ದರೆ ದೇವಿ ಒಳಗೆ ಬರುವುದಿಲ್ಲ. ಹೆಂಗಸರು ಗಾಡಿ ಮೇಲೆ ಹೇರಿಕೊಂಡು ಹಳ್ಳಕ್ಕೆ ಹೋಗುತ್ತಾರೆ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು. ಗೊತ್ತಿದ್ದೂ ನನಗೆ ಹೊಳೆಯಲಿಲ್ಲ, ಯಾಕೆಂದರೆ ಅಷ್ಟು ವರ್ಷಗಳ ದಸರೆಗಳಲ್ಲಿ ಅವಳು ಛತ್ರಿಯನ್ನು ಮುಟ್ಟಿದವಳೇ ಅಲ್ಲ.

ಮನೆಗೆ ಬಂದು ಹಿಂದಿನ ಕೋಣೆಯ ಹಗ್ಗ ಖಾಲಿಯಿರುವುದನ್ನು ಕಂಡು ಹಳ್ಳಕ್ಕೆ ಧಾವಿಸಿದೆ. ದಂಡೆಯ ಬಂಡೆಗಳ ಮೇಲೆ ಕೌದಿಗಳ ಸಾಲು ಒಣಗುತ್ತಿತ್ತು. ಎಲ್ಲಕ್ಕಿಂತ ಎತ್ತರದ ಬಂಡೆಯ ಮೇಲೆ, ಚೆನ್ನಾಗಿ ಹರವಿ, ನಾಲ್ಕೂ ಕಡೆ ಕಲ್ಲು ಹೇರಿ, ನನ್ನ ಹಳದಿ ಛತ್ರಿ.

ಅವಳು ಸೀರೆ ಎತ್ತಿ ಕಟ್ಟಿಕೊಂಡು ನೀರಿನಲ್ಲಿ ನಿಂತಿದ್ದಳು. ನನ್ನನ್ನು ನೋಡಿ ಮುಖ ಅರಳಿತು.

"ಬಂದ್ರೇನ್ರಿ? ನೋಡ್ರಿ, ಹ್ಯಾಂಗ ಆಗ್ಯಾದ! ಗೊಬ್ಬರ ಹಿಡಕೊಂಡು ಕೂತಿತ್ತು. ಸೋಡಾದಾಗ ನೆನಿಯಾಕ ಹಾಕಿ, ಎರಡು ಸಲ ಬಡದೀನಿ."

ನಾನು ಬಂಡೆ ಹತ್ತಿ, ದಾರಗಳು ಎಲ್ಲಿವೆಯೆಂದು ನೋಡಿದೆ.

"ದಾರಾ ಸಿಕ್ಕ ಬೀಳಬಾರ್ದಂತ ಜಡಿ ಹಾಕೀನ್ರಿ," ಎಂದಳು. ಹೌದು, ಅಷ್ಟೂ ದಾರಗಳನ್ನು ಮೂರು ಕಾಲಿನ ಜಡೆಯಾಗಿ ಹೆಣೆದು, ತುದಿಗೆ ತನ್ನ ಹಳೇ ರಿಬ್ಬನ್ ಕಟ್ಟಿದ್ದಳು.

"ಇಷ್ಟು ವರ್ಷ ಮುಟ್ಟಿರ್ಲಿಲ್ಲ, ಇವತ್ತ ಯಾಕ ಮುಟ್ಟಿದಿ?"

ಅವಳು ನೀರಿನ ಕಡೆ ನೋಡಿದಳು. "ನೀವು ಹ್ಯಾಂಗೂ ಬಿಡಾಂಗಿಲ್ಲ. ದೇವೀ ಬಟ್ಟೀ ಜೋಡಿ ತೊಳದ್ರ ನಿಮ್ಮನ್ನ ಆಕೀನೇ ಕಾಯ್ತಾಳಂತ ತೊಳದೀನಿ." ನನ್ನ ಕಡೆ ತಿರುಗಿ, "ಛಲೋ ಮಾಡೀನಿಲ್ರಿ?" ಎಂದಳು.

"ಛಲೋ ಮಾಡೀದಿ," ಎಂದೆ.

ಮನೆಗೆ ತಂದು ಬಟ್ಟೆಯನ್ನು ತುಟಿಗೆ ಒತ್ತಿ ಊದಿದೆ. ಉಸಿರು ಆಚೆ ಹಿಡಿದ ನನ್ನ ಅಂಗೈಗೆ ಬೆಚ್ಚಗೆ ತಾಕಿತು. ಬೇರೆ ಜಾಗದಲ್ಲಿ ಊದಿದೆ. ಮತ್ತೊಂದು ಕಡೆ ಊದಿದೆ. ಎಲ್ಲಾ ಕಡೆ ಅದೇ. ತಾಡಪತ್ರಿಯಾಗಿದ್ದರೆ ಮೇಣ ಬಳಿದು ಉಳಿಸುತ್ತಿದ್ದೆ. ಇದಕ್ಕೆ ಬಳಿಯುವಂಥದ್ದು ಯಾವುದೂ ಇಲ್ಲ.

ಜಡೆ ಬಿಚ್ಚಿ, ದಾರಗಳನ್ನು ಜೋಡಿಸಿ, ಹಬ್ಬ ಮುಗಿದ ಮೇಲೆ ಗುಡ್ಡಕ್ಕೆ ಹೋದೆ. ಒಳ್ಳೆಯ ಗಾಳಿಯಿತ್ತು. ಜಗ್ಗಿದೆ. ಹಳದಿ ಅರ್ಧ ಎದ್ದು, ನನ್ನ ಬೆನ್ನ ಹಿಂದೆಯೇ ತೂಗುತ್ತ ನಿಂತಿತು. ಮತ್ತೆ ಜಗ್ಗಿದೆ, ಓಡಿದೆ. ಕಷ್ಟಪಟ್ಟು ತಲೆಯ ಹತ್ತಿರ ಬಂದು, ಹಿಂದಕ್ಕೆ ವಾಲಿತು. ಇಂಥ ಛತ್ರಿ ಹಿಡಿದು ಅಂಚು ದಾಟಿದವನು ಮುಂದಕ್ಕೆ ಹೋಗುವುದಿಲ್ಲ, ನೇರ ಕೆಳಗೆ ಹೋಗುತ್ತಾನೆ. ಘಟ್ಟದಲ್ಲಿ ಅಂಥವನೊಬ್ಬನನ್ನು ಎತ್ತಿ ತರಲು ನಾನೇ ಜೀಪು ಒಯ್ದಿದ್ದೆ. ಅಂಚಿನಲ್ಲಿ ಬಹಳ ಹೊತ್ತು ನಿಂತೆ. ಒಮ್ಮೆ, ಹೋದರೆ ಹೋಗಲಿ ಅನ್ನಿಸಿತು. ದೇವಿ ಕಾಯುತ್ತಾಳೆಂದು ತೊಳೆದವಳ ನೆನಪಾಗಿ ಮಡಚಿದೆ.

ಮನೆ ಹತ್ತಿರವಾದಂತೆ ಬಿಸಿ ರೊಟ್ಟಿಯ ವಾಸನೆ ಬಂತು. ನಾನು ಬರುವ ಮೊದಲೇ ಅವಳು ಒಲೆ ಹಚ್ಚಿದ್ದಳು. ಮದುವೆಯಾದ ಮೇಲೆ ಮೊದಲ ಸಲ.

"ಹಾರಿದ್ರೇನ್ರಿ?"

"ಹಾರಿದೆ."

"ಹೊಲಸು ಹೋಗ್ಯಾದಲ್ಲ, ಇನ್ನಷ್ಟು ಹಗರ ಆಗಿರ್ಬೇಕು."

"ಭಾಳ ಹಗರ ಆಗ್ಯಾದ," ಎಂದು ರೊಟ್ಟಿ ಮುರಿದೆ.

ಉಸ್ತಾದರಿಗೆ ಹೇಳಲಿಲ್ಲ. ಹೇಳಿ ಏನು? ನೀಲಿ ಅದಕ್ಕಾಗಿ ಕಾದವರ ಕೈ ಸೇರಿತ್ತು, ಹಳೆಯದು ಕಲಿಯುವವರ ಕಾಲಲ್ಲಿ ಧೂಳಾಗಿತ್ತು, ಅವರ ಅಂಗಡಿ ಮುಚ್ಚಿತ್ತು.

ಮುಂದಿನ ರಜೆಯ ದಿನ ಅವಳೇ ಚೀಲವನ್ನು ಹೊಸ್ತಿಲ ಹತ್ತಿರ ತಂದಿಟ್ಟಳು, ಮೇಲೆ ನೀರಿನ ಬಾಟಲಿ. ನಾನು ಹೊತ್ತುಕೊಂಡು ಹೋದೆ. ಅಂದಿನಿಂದ ಹೀಗೆಯೇ ನಡೆದಿದೆ. ಗುಡ್ಡ ಹತ್ತುತ್ತೇನೆ, ಕಲ್ಲಿನ ಮೇಲೆ ಕೂರುತ್ತೇನೆ, ಹಾರಿ ಬರುವಷ್ಟು ಹೊತ್ತು ಕಳೆದ ಮೇಲೆ ಕೆಳಗಿನ ಹೊಲಗಳ ಕಡೆಯಿಂದ ಇಳಿದು ಮನೆಗೆ ಹೋಗುತ್ತೇನೆ. ಮೊದಲು ಬೆನ್ನಿನ ನೋವು ಮೈಯಲ್ಲಿ ಒಂದು ಕಡೆ ಮಾತ್ರ ಇತ್ತು. ಈಗ ಎಲ್ಲಿದೆ ಎಂದು ಡಾಕ್ಟರಿಗೆ ತೋರಿಸಲಾರೆ.

ಹೋದ ಭಾನುವಾರ ಆ ಗೊಬ್ಬರದ ಹೊಲದವನು ಬದುವಿನ ಮೇಲೆ ಚಹಾ ಕಾಸಿಕೊಂಡು ಕೂತಿದ್ದ. ಬದುವಿನಾಚೆಯ ತೊಗರಿ ಎದೆಮಟ್ಟ ಬೆಳೆದು ಒಂದೇ ಸಮನೆ ಬಾಗಿ ಏಳುತ್ತಿತ್ತು.

"ಯಾಕ್ ಕಾಕಾ, ಇವತ್ತೂ ನಡ್ಕೋತನೇ ಬಂದ್ರಿ? ನಾ ದಿನಾ ಮ್ಯಾಲ ನೋಡಾಕತ್ತೇನಿ."

"ಗಾಳಿ ಇಲ್ಲೋ," ಎಂದೆ.

ಹಾರಿಹೋಗುತ್ತಿದ್ದ ಹೆಗಲ ಮೇಲಿನ ಟವೆಲನ್ನು ಅವನು ಕೈಯಿಂದ ಒತ್ತಿ ಹಿಡಿದ. ತೊಗರಿಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದ. ಆಮೇಲೆ ಸರಿದು ಕೂತು, ಲೋಟಕ್ಕೆ ಚಹಾ ಬಗ್ಗಿಸಿ ನನ್ನ ಮುಂದಿಟ್ಟ.