ಮಾಸ್ತರರ ದನಿಯಲ್ಲಿ ಕಲಿತ ಪಾಠ

ಕಮಲಾಪುರದ ಶಾಲೆಯಲ್ಲಿ ನಾನು ಉರ್ದುವಿನ ಐದನೇ ಜಮಾತಿನಿಂದ ಒಮ್ಮೆಲೇ ಕನ್ನಡದ ಎರಡನೇ ಇಯತ್ತೆಗೆ ಇಳಿದೆ. ನಪಾಸಾಗಿ ಅಲ್ಲ. ಪೊಲೀಸ್ ಆಕ್ಷನ್ ಆಗಿ ನಿಜಾಮರ ಆಡಳಿತ ಹೋಯಿತು, ಅದರ ಬೆನ್ನಿಗೇ ಶಾಲೆಯೊಳಗಿನ ಉರ್ದುವೂ ಹೋಯಿತು. ಕನ್ನಡ ಅಕ್ಷರ ಬಾರದವರೆಲ್ಲ ಬುಡದಿಂದ ಕಲಿಯಬೇಕೆಂದು ಧಾರವಾಡದ ಕಡೆಯಿಂದ ಬಂದ ಹೊಸ ಮಾಸ್ತರರು ಹೇಳಿದರು. ಮನೆಯಲ್ಲಿ ಅಕ್ಷರ ತಿದ್ದಿದ್ದ ನಾಲ್ಕಾರು ಹುಡುಗರು ಐದರಲ್ಲೇ ಉಳಿದರು. ನನಗೆ ಕನ್ನಡದಲ್ಲಿ ಬೈಯಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಹೀಗಾಗಿ ನನ್ನ ಒಡಹುಟ್ಟಿದ ತಮ್ಮನ ಪಕ್ಕದಲ್ಲೇ ನನಗೆ ಜಾಗ ಸಿಕ್ಕಿತು. ಗೋಣಿತಟ್ಟಿನ ಮೇಲೆ ಕೂತರೆ ನನ್ನ ಮೊಣಕಾಲುಗಳು ಗದ್ದಕ್ಕೆ ತಾಗುತ್ತಿದ್ದವು. ದೂರದಿಂದ ನೋಡಿದವರಿಗೆ ಇರುವೆಗಳ ನಡುವೆ ಒಂದು ಮಿಡತೆ ಕೂತ ಹಾಗೆ ಕಂಡಿರಬೇಕು.

ಅಕ್ಷರಗಳನ್ನು ದೀಪಾವಳಿಯೊಳಗೆ ಕಲಿತುಬಿಟ್ಟೆ. ಓದುವುದೂ ಬಂತು. ಆಮೇಲೆ ಏನು ಮಾಡಬೇಕು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಮಾಸ್ತರರದು ಒಂದೇ ಕಾನೂನು: ಎಲ್ಲರಿಗಿಂತ ಹಿಂದೆ ಬಿದ್ದ ಹುಡುಗನಿಗೆ ಬರುವ ತನಕ ಪುಟ ತಿರುವುವಂತಿಲ್ಲ. ಆ ಎಲ್ಲರಿಗಿಂತ ಹಿಂದಿನ ಹುಡುಗ ನನ್ನ ತಮ್ಮನೇ. ಮನೆಯಲ್ಲಿ ಅವನಿಗೆ ಹೇಳಿಕೊಡಲು ಹೋದರೆ, ಮಾಸ್ತರರು ಕಲಿಸಿದ ಮೇಲೆ ಕಲಿಯುತ್ತೇನೆ ಎಂದು ಗೋಲಿ ಆಡಲು ಓಡುತ್ತಿದ್ದ.

ಇಲ್ಲಿ ನನ್ನ ಒಂದು ವಿಚಿತ್ರ ಹೇಳಬೇಕು. ನನಗೆ ಪಾಠ ಒಂದು ಸಲ ಕೇಳಿದರೆ ಸಾಕು, ಆದರೆ ಅದು ತಲೆಯೊಳಗೆ ಹೋಗುವುದು ಹೇಳಿದವರ ದನಿಯ ಸಮೇತ. ಹೊರಗೆ ತೆಗೆಯಬೇಕೆಂದರೆ ಮೊದಲು ಆ ದನಿಯನ್ನು ಕರೆಯಬೇಕು. ದನಿ ಬಂದರೆ ಅದರ ಬಾಲ ಹಿಡಿದು ಮಾತೆಲ್ಲ ಬರುತ್ತದೆ. ಮೊದಲು ಉರ್ದುವಿನಲ್ಲಿ ಕಲಿಸುತ್ತಿದ್ದ ಮೌಲ್ವಿ ಸಾಹೇಬರಿಗೆ ಇದು ಗೊತ್ತಿತ್ತು. ಅವರ ಹಾಗೆಯೇ ಗಂಟಲು ಕೆರೆದು, ಬಾಯಲ್ಲಿ ಎಲೆಅಡಿಕೆ ತುಂಬಿದವನಂತೆ ನಾನು ಲೆಕ್ಕ ಬಿಡಿಸಿದರೆ, ಅವರು ಹೊಟ್ಟೆ ಹಿಡಿದು ನಕ್ಕು ಮುಂದಿನ ಲೆಕ್ಕ ಕೊಡುತ್ತಿದ್ದರು. ನನಗೆ ಬೇಕಾದದ್ದು ಅಷ್ಟೇ, ಮುಂದಿನ ಲೆಕ್ಕ. ಅವರು ಹೈದರಾಬಾದಿನ ಮಗಳ ಮನೆಗೆ ಹೋದವರು ತಿರುಗಿ ಬರಲಿಲ್ಲ.

ಹೊಸ ಮಾಸ್ತರರ ದನಿ ಇನ್ನೂ ಸೊಗಸಾಗಿತ್ತು. ಅವರು ನಶ್ಯ ಏರಿಸುತ್ತಿದ್ದರು. ಹೀಗಾಗಿ ಮಾತು ಅರ್ಧ ಮೂಗಿನಿಂದ ಬರುತ್ತಿತ್ತು; ಎರಡು ಮಾತಿಗೊಮ್ಮೆ ತಮಗೆ ತಾವೇ ‘ಹೂಂ’ ಎನ್ನುತ್ತಿದ್ದರು. ಅವರ ಪಾಠ ಒಪ್ಪಿಸಲು ನಿಂತ ಮೊದಲ ದಿನವೇ ನನಗೆ ಬೆತ್ತ ಬಿತ್ತು. ಅಣಕಿಸುತ್ತಿದ್ದೇನೆ ಎಂದುಕೊಂಡರು. ಬೇರೆ ಹೊತ್ತಿನಲ್ಲಿ ನಾನು ಊರನ್ನೆಲ್ಲ ಅಣಕಿಸುತ್ತಿದ್ದೆ, ನಮ್ಮ ಎಮ್ಮೆಯನ್ನೂ ಬಿಟ್ಟಿರಲಿಲ್ಲ. ಆದರೆ ಆಗ ಮಾಡುತ್ತಿದ್ದುದು ಅಭ್ಯಾಸ. ಇದನ್ನು ಬೆತ್ತ ಹಿಡಿದವರಿಗೆ ತಿಳಿಸಿ ಹೇಳುವುದು ಹೇಗೆ?

ನನ್ನನ್ನು ಮತ್ತೆ ಐದಕ್ಕೆ ಕೂಡಿಸಿರೆಂದು ಅಪ್ಪ ಕೇಳಿದ. ಕೆಂಪು ಬಾಳೆಯ ಗೊನೆ ಹೊತ್ತುಕೊಂಡೇ ಹೋಗಿದ್ದ. ಮಾಸ್ತರರು ಹಣ್ಣು ಮುಟ್ಟಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಅದು ತಮ್ಮ ಕೈಯಲ್ಲಿಲ್ಲ, ಶಾಲೆಗಳ ತನಿಖೆ ಮಾಡುವ ಕಲಬುರಗಿಯ ಸಾಹೇಬರು ಬಾಯಿಪರೀಕ್ಷೆ ಮಾಡಿ ಬರೆದುಕೊಟ್ಟರೆ ಕೂಡಿಸುತ್ತೇನೆ ಎಂದರು. ಅಪ್ಪ, ಮಾಸ್ತರರು, ನಾನು ಮೂವರೂ ಮೋಟಾರು ಬಸ್ಸು ಹತ್ತಿ ಹೋದೆವು. ಅಪ್ಪ ನನಗೆ ತನ್ನ ಟೊಪ್ಪಿಗೆ ಇಟ್ಟಿದ್ದ. ಅದು ಕಿವಿಯವರೆಗೆ ಇಳಿದಿತ್ತು.

ನಿಜಾಮರು ಬಂದರೆ ಇಳಿದುಕೊಳ್ಳುತ್ತಿದ್ದ ಐವಾನ್-ಎ-ಶಾಹಿ ಬಂಗಲೆಯ ಕಡೆಗೆ ಒಂದು ಕಚೇರಿ. ಸಾಹೇಬರು ನಮ್ಮ ಸೀಮೆಯವರೇ. ನದಿಗಳ ಪಾಠ ಹೇಳು ಎಂದರು. ಮಾಸ್ತರರು ಪಕ್ಕದ ಕುರ್ಚಿಯಲ್ಲೇ ಇದ್ದರು. ನಾನು ಕಣ್ಣು ಮುಚ್ಚಿ ದನಿ ಕರೆದೆ. ಬಂತು. ಕೃಷ್ಣೆ ಸಹ್ಯಾದ್ರಿಯಲ್ಲಿ ಹುಟ್ಟಿದಳು, ಹೂಂ, ಪೂರ್ವಕ್ಕೆ ಹರಿದಳು, ಹೂಂ, ಭೀಮೆಯನ್ನು ಕೂಡಿಕೊಂಡಳು. ಬಾಗಿಲ ಬಳಿಯ ಜವಾನ ಮುಖಕ್ಕೆ ರುಮಾಲು ಒತ್ತಿಕೊಂಡ. ಕಣ್ಣು ತೆರೆದಾಗ ಮಾಸ್ತರರ ಮುಖ ನಮ್ಮ ಬಾಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು.

“ಅವರ್ದು ಸಾಕು,” ಎಂದರು ಸಾಹೇಬರು. “ಈಗ ನಿನ್ನ ದನಿಲೇ ಹೇಳು.”

ಬಾಯಿ ತೆರೆದೆ. ಕೃಷ್ಣೆ ಎಲ್ಲಿಯೂ ಹುಟ್ಟಲಿಲ್ಲ. ನನ್ನ ದನಿಯಲ್ಲಿ ನನಗೆ ಯಾರೂ ಪಾಠ ಹೇಳಿರಲಿಲ್ಲವಲ್ಲ, ಎಲ್ಲಿಂದ ಬರಬೇಕು?

ಸಾಹೇಬರು ಕೆಟ್ಟವರೇನಲ್ಲ. ಹೋಗಲಿ ಎಂದು ಒಂದು ಲೆಕ್ಕ ಕೊಟ್ಟರು: ಇಬ್ಬರು ಆಳುಗಳು ಬಾವಿ ತೋಡುವುದು, ನಡುವೆ ಒಬ್ಬ ಬಿಟ್ಟುಹೋಗುವುದು. ಐದನೆಯದಲ್ಲ, ಏಳನೆಯದರ ಲೆಕ್ಕ. ಮೌಲ್ವಿ ಸಾಹೇಬರು ನನ್ನೊಳಗೆ ಎದ್ದು ಕೂತು ಗಂಟಲು ಕೆರೆದರು, ಉರ್ದುವಿನಲ್ಲಿ ಒಂದೇ ಉಸಿರಿಗೆ ಬಿಡಿಸಿದರು. ಕಲಬುರಗಿಯ ಸಾಹೇಬರು ಪೆನ್ಸಿಲು ಕೆಳಗಿಟ್ಟರು.

“ಜವಾಬ್ ಬರೋಬ್ಬರಿ ಅದ. ಆದ್ರ ಇದು ಕನ್ನಡದ ಇಮ್ತಿಹಾನ್ ಅಪ್ಪಾ.”

ಅಪ್ಪ ಕೈ ಮುಗಿದ. “ಸಾಹೇಬ್ರ, ಬಾವಿ ತೋಡೋರು ಯಾವ ಮಾತ್ನ್ಯಾಗ ತೋಡಿದ್ರೂ ನೀರು ಬೀಳ್ತದಲ್ರೀ.”

ಸಾಹೇಬರು ನಕ್ಕರು, ಬರೆದುಕೊಡಲಿಲ್ಲ. ಹುಡುಗ ಗ್ರಾಮಫೋನ್ ಇದ್ದಂತೆ, ತಿರುವಿದರೆ ಹಾಡುತ್ತಾನೆ, ಸ್ವಂತ ತಿಳಿವಳಿಕೆ ಬರಲಿ, ಈ ವರ್ಷ ಇದ್ದಲ್ಲೇ ಇರಲಿ ಎಂದರು. ಬಾವಿಯ ಲೆಕ್ಕವನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದನಿ ಮೌಲ್ವಿಗಳದು, ಬಿಡಿಸಿದವನು ನಾನು. ಇದು ನನಗೆ ಹೊಳೆದದ್ದು ತಿರುಗಿ ಬರುವಾಗ, ಮೋಟಾರಿನಲ್ಲಿ. ಎದ್ದು ನಿಂತು ಮಾಸ್ತರರಿಗೆ ಹೇಳಿದೆ.

“ಜವಾನನ ಮುಂದ ನನ್ನ ಮಾನ ಕಳದಿ,” ಎಂದರು ಮಾಸ್ತರರು. “ಇನ್ನ ಮ್ಯಾಲ ಸಾಲ್ಯಾಗ ಬಾಯಿ ತೆರೀಬ್ಯಾಡ.”

ಮರುದಿನದಿಂದ ಮಾಸ್ತರರು ಬೇರೆಯೇ ಆದರು. ಹೂಂ ಎನ್ನಲು ಬಾಯಿ ತೆರೆದವರು ನನ್ನ ಕಡೆ ನೋಡಿ ನುಂಗಿಕೊಳ್ಳುತ್ತಿದ್ದರು. ನಶ್ಯವನ್ನೂ ಹೊರಗೆ ಹೋಗಿ ಏರಿಸುತ್ತಿದ್ದರು. ಪುಸ್ತಕದಲ್ಲಿದ್ದದ್ದನ್ನು ಒಂದೇ ಸಮನೆ, ಉಪ್ಪಿಲ್ಲದ ಗಂಜಿಯಂತೆ ಓದಿ ಮುಗಿಸುತ್ತಿದ್ದರು. ನನಗೆ ಹಿಡಿದುಕೊಳ್ಳಲು ಏನೂ ಸಿಗಲಿಲ್ಲ. ಕೇಳಿದ್ದು ಕೇಳಿದ ಹಾಗೆಯೇ ಜಾರಿಹೋಯಿತು. ಸುಮ್ಮನೆ ಓದಿಕೊಳ್ಳೋಣವೆಂದರೆ ಆ ಪುಟ ಎಂದೋ ಓದಿ ಮುಗಿದದ್ದು, ಮುಂದಿನದನ್ನು ತಿರುವುವಂತಿಲ್ಲ.

ಸಿಟ್ಟು ಇನ್ನೂ ಇದೆ, ಆದರೆ ಯಾರ ಮೇಲೆ ಎಂದು ಕೇಳಿದರೆ ತೊದಲುತ್ತೇನೆ. ಒಂದೇ ಕೋಣೆ, ಒಬ್ಬರೇ ಮಾಸ್ತರರು, ಅವರಿಗೂ ಊರು ಹೊಸದು. ಹಿಂದೆ ಬಿದ್ದವರನ್ನು ಅವರು ಒಬ್ಬೊಬ್ಬರನ್ನೇ ಕೈಹಿಡಿದು ಎಬ್ಬಿಸಿದರು, ಅದು ಸುಳ್ಳಲ್ಲ. ಮುಂದೆ ಓಡುವವನಿಗೂ ಒಬ್ಬರು ಬೇಕಾಗುತ್ತಾರೆ ಎಂದು ಅವರಿಗೆ ಅನ್ನಿಸಲಿಲ್ಲ. ಓಡುತ್ತಾನಲ್ಲ, ಅವನಿಗೇನು ಕೊರತೆ ಎಂದುಕೊಂಡಿರಬೇಕು.

ವರ್ಷದ ಕೊನೆಗೆ ಬರೆಯುವ ಪರೀಕ್ಷೆ ಆಯಿತು. ಅಣ್ಣತಮ್ಮ ಇಬ್ಬರೂ ಮೂರನೆಯದಕ್ಕೆ ಪಾಸಾದೆವು. ತಮ್ಮನಿಗೆ ನನಗಿಂತ ಹೆಚ್ಚು ಅಂಕ ಬಂದವು. ಅವನು ಮನೆಯ ತನಕ ಅದನ್ನು ಎಲ್ಲರಿಗೂ ಕೂಗಿ ಹೇಳುತ್ತ ಬಂದ, ಅಂಗಳದಲ್ಲಿ ನಿಂತು ನನ್ನ ಹೆಗಲು ತಟ್ಟಿದ.

“ಅಣ್ಣಾ, ನೀ ಚಿಂತಿ ಮಾಡಬ್ಯಾಡ. ನಾ ಹೇಳಿಕೊಡ್ತೀನಿ.”