ಕಥೆ ಹೇಳಲು ನಿಂತ ಬೇಸಿಗೆ

ಮಾಲೂರಿನ ಮಿಷನ್ ಶಾಲೆಯಲ್ಲಿ ನಾನು ಉಪಾಧ್ಯಾಯಿನಿಯಾಗಿದ್ದಾಗ ಶಾಲೆಯ ಹಿಂದಿನ ಕೋಣೆಯೇ ನನ್ನ ಮನೆ. ಮದುವೆಯಾದ ಮರುವರ್ಷವೇ ಗಂಡ ವಿಷಮಜ್ವರದಲ್ಲಿ ತೀರಿಕೊಂಡಿದ್ದರು. ಸಂಜೆ ಮಕ್ಕಳು ಹೊರಟುಹೋದರೆ ಮಾತಾಡಲು ಯಾರೂ ಇರುತ್ತಿರಲಿಲ್ಲ. ಆ ಹೊತ್ತಿನಲ್ಲೇ ಹಾಡು ಕಟ್ಟುವ ಅಭ್ಯಾಸ ಹತ್ತಿತು. ರಾಗಿ ಬೀಸುವಾಗ ನಮ್ಮಮ್ಮ ಹಾಡುತ್ತಿದ್ದ ಪದಗಳ ಧಾಟಿಯಲ್ಲಿ ಯೇಸುಸ್ವಾಮಿಯ ಹುಟ್ಟನ್ನೂ ನೋವನ್ನೂ ಹಾಡುತ್ತಿದ್ದೆ. ಒಂದು ಭಾನುವಾರ ಆರಾಧನೆಯಲ್ಲಿ ಮಕ್ಕಳಿಂದ ಅದನ್ನು ಹಾಡಿಸಿದಾಗ, ಬೀಸುವ ಕಲ್ಲಿನ ಪದ ದೇವಾಲಯದೊಳಕ್ಕೆ ಬೇಡ ಎಂದು ನಮ್ಮ ಕ್ರೈಸ್ತ ಸಭೆಯ ಹಿರಿಯರು ಹೇಳಿಬಿಟ್ಟರು. ಊರಿನ ಭಜನೆಯವರ ಹತ್ತಿರ ಹೋಗೋಣವೆಂದರೆ ಅವರಿಗೆ ನಾನು ಪಾದ್ರಿಗಳ ಕಡೆಯವಳು. ಎರಡು ಕಡೆಗೂ ಸೇರದೆ, ಬಾಗಿಲು ಹಾಕಿಕೊಂಡು ಮೆಲ್ಲಗೆ ಹಾಡಿಕೊಳ್ಳುತ್ತಿದ್ದೆ.

ಎರಡನೇ ಮಹಾಯುದ್ಧಕ್ಕೆ ಕೆಲವು ವರ್ಷ ಮುಂಚೆ ಕೋಲಾರದ ಸಭೆಗೆ ಹೊಸ ಪಾದ್ರಿ ಅಯ್ಯನವರು ಬಂದರು. ಸುತ್ತಿನ ತಾಲ್ಲೂಕುಗಳ ಕ್ರೈಸ್ತರಲ್ಲಿ ಹಾಡು, ಕಥೆ, ಚಿತ್ರ ಅಂತ ಒಬ್ಬೊಬ್ಬರೇ ಒದ್ದಾಡುವವರಿದ್ದಾರೆಂದು ಅವರ ಕಿವಿಗೆ ಬಿದ್ದಿತ್ತು. ಬೇಸಿಗೆ ರಜೆಯಲ್ಲಿ ಎಲ್ಲರೂ ಕೋಲಾರಕ್ಕೆ ಬನ್ನಿ, ಪ್ರದರ್ಶನ ಕೊಡಲಿಕ್ಕಲ್ಲ, ಒಬ್ಬರಿಂದೊಬ್ಬರು ಕಲಿಯಲಿಕ್ಕೆ ಎಂದು ಹೇಳಿಕಳಿಸಿದರು. ನಾನು ಬೌರಿಂಗ್‌ಪೇಟೆ ಸ್ಟೇಷನ್ನಿನಲ್ಲಿ ಇಳಿದು ಕೋಲಾರದ ಸಣ್ಣ ರೈಲು ಹಿಡಿದು ಹೋದೆ. ದಾರಿಯುದ್ದಕ್ಕೂ ವಾಪಸು ಹೋಗಿಬಿಡೋಣ ಅನ್ನಿಸುತ್ತಿತ್ತು.

ಬಂದವರು ಬೆರಳೆಣಿಕೆಯಷ್ಟು ಜನ. ಅವರಲ್ಲಿ ಇಬ್ಬರು ಇವತ್ತಿಗೂ ಕಣ್ಣ ಮುಂದಿದ್ದಾರೆ. ಒಬ್ಬರು ಶ್ರೀನಿವಾಸಪುರದ ಡ್ರಾಯಿಂಗ್ ಮೇಷ್ಟ್ರು. ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಮಾವಿನ ಮರದಡಿ ಕೂತ ಯೇಸುಸ್ವಾಮಿಯನ್ನು ಬಟ್ಟೆಯ ಮೇಲೆ ಬರೆದಿದ್ದರು. ಅವರ ಸಭೆಯವರು ಅದನ್ನು ಗೋಡೆಯಿಂದ ಇಳಿಸಿ ಸುತ್ತಿ ಕೊಟ್ಟಿದ್ದರಂತೆ. ಇನ್ನೊಬ್ಬರು ಮುಳಬಾಗಿಲ ಕಡೆಯ ಮುದುಕರು, ಗೆಜ್ಜೆ ಕಟ್ಟಿ ತಾಳ ಹಾಕುವ ಚಿಟಿಕೆ ಹಿಡಿದು ಬೈಬಲ್ಲಿನ ಕಥೆಗಳನ್ನು ಹರಿಕಥೆಯ ರೀತಿಯಲ್ಲಿ ಹೇಳುತ್ತಾ ಊರೂರು ತಿರುಗಿದವರು. ಅಷ್ಟು ಹೊತ್ತಿಗೆ ಅವರ ಗಂಟಲು ಕೆಟ್ಟು, ದನಿ ಪಿಸುಮಾತಿನಷ್ಟೇ ಉಳಿದಿತ್ತು.

ಮೇಷ್ಟ್ರು ಚಿತ್ರ ಬಿಚ್ಚಿದಾಗ ಮುದುಕರು ಹತ್ತಿರ ಬಾಗಿ ನೋಡಿ, ಬಡಗಿ ಕೆಲಸ ಮಾಡಿದ ಕೈ ಇಷ್ಟು ನುಣುಪಾಗಿರುತ್ತದೆಯೇ ಎಂದು ಕೇಳಿದರು. ಮೇಷ್ಟ್ರಿಗೆ ಬೇಜಾರಾಗಲಿಲ್ಲ. "ಬೈದೋರು ಬೇಕಾದಷ್ಟು ಜನ ಇದಾರೆ. ಕೈ ನೋಡಿದೋರು ನೀವೇ ಮೊದಲು" ಎಂದರು. ಅವತ್ತು ಮಧ್ಯಾಹ್ನವೇ ಕೂತು ಕೈ ತಿದ್ದಿದರು.

ನಾನು ನನ್ನ ಹಾಡು ಹಾಡಿದೆ. ಅಲ್ಲಿ ಅದನ್ನು ಯಾರೂ ಕಲ್ಲಿನ ಪದ ಎನ್ನಲಿಲ್ಲ. ಮುದುಕರು ಮಾತ್ರ ಹಾಡು ಮುಗಿದೊಡನೆ ಎದ್ದುಹೋದರು. ಅವರಿಗೆ ಹಿಡಿಸಲಿಲ್ಲವೇನೋ ಎಂದುಕೊಂಡೆ. ಮರುದಿನ ಬೆಳಿಗ್ಗೆ ಅವರೇ ಕರೆದು ಚಿಟಿಕೆಯನ್ನು ನನ್ನ ಕೈಗಿಟ್ಟರು. ಬೈಬಲ್ಲಿನಲ್ಲಿ ಬರುವ, ಅತ್ತೆಯನ್ನು ಒಂಟಿಯಾಗಿ ಬಿಡಲಾರದೆ ಪರದೇಶಕ್ಕೆ ನಡೆದ ವಿಧವೆ ಸೊಸೆಯ ಕಥೆಯನ್ನು ಕಲಿಸುತ್ತೇನೆ ಎಂದರು. ಹೆಂಗಸು ಗೆಜ್ಜೆ ಕಟ್ಟಿ ನಿಂತರೆ ಜನ ಏನೆಂದಾರು ಎಂದು ನಾನು ಹಿಂಜರಿದೆ.

"ಭಯಮೆಂದುಕಮ್ಮಾ?" ಎಂದರು ತೆಲುಗಿನಲ್ಲಿ, ಭಯ ಯಾಕಮ್ಮ ಎಂದು. "ಗೆಜ್ಜೆ ಬೇಡ ಬಿಡು. ಆದ್ರೆ ನಿಂತ್ಕೊಂಡೇ ಹೇಳ್ಬೇಕು. ಕಥೆ ನಿಂದಲ್ಲ ಕಣಮ್ಮ, ಆ ಸೊಸೇದು. ನೀನು ದಾರಿ ಬಿಡು, ಅವಳೇ ಬರ್ತಾಳೆ."

ಪಿಸುಮಾತಿನಲ್ಲೇ ಪೂರ್ತಿ ಕಥೆ ಕಲಿಸಿದರು. ಅವರು ತುಟಿ ಆಡಿಸುತ್ತಿದ್ದರು, ನಾನು ದನಿ ಕೊಡುತ್ತಿದ್ದೆ. ಸೊಸೆ ತನ್ನ ಊರಿನ ಎಲ್ಲೆ ದಾಟುವ ಜಾಗಕ್ಕೆ ಬಂದಾಗ ನನಗೆ ಅಳು ತಡೆಯಲಾಗಲಿಲ್ಲ. ಗಂಡ ಹೋದಾಗಲೂ ನಾನು ಹಾಗೆ ಅತ್ತಿರಲಿಲ್ಲ. ಅವರು ನನ್ನ ಅಳು ಮುಗಿಯುವವರೆಗೆ ಕಾದು, ಅದೇ ಸಾಲಿನಿಂದ ಮತ್ತೆ ಶುರುಮಾಡಿಸಿದರು.

ಆ ಮಳೆಗಾಲ ಮುಗಿದ ಮೇಲೆ ಮುಳಬಾಗಿಲ ಕಡೆಯ ಬೈರಕೂರಿನ ಒಂದು ಅಂಗಳದಲ್ಲಿ ಮೊದಲ ಸಲ ಕಥೆ ಹೇಳಿದೆ. ಮುದುಕರು ಎದುರಿಗೇ ಕೂತಿದ್ದರು. ಕೆಲವರು ಅರ್ಧಕ್ಕೇ ಎದ್ದುಹೋದರು, ಹೆಂಗಸರು ಏಳಲಿಲ್ಲ.

ಆಮೇಲೆ ಎರಡು ಮೂರು ಬೇಸಿಗೆ ಕೋಲಾರದಲ್ಲಿ ಸೇರಿದೆವು. ಯುದ್ಧ ಬಂತು. ಅಯ್ಯನವರಿಗೆ ದೂರದ ಊರಿಗೆ ವರ್ಗವಾಯಿತು. ಮೇಷ್ಟ್ರು ಬೆಂಗಳೂರಿನ ದಂಡು ಪ್ರದೇಶದಲ್ಲಿ ಬೋರ್ಡು ಬರೆಯುವ ಕೆಲಸಕ್ಕೆ ಹೋದರು. ಮುದುಕರು ತೀರಿಕೊಂಡ ಸುದ್ದಿ, ಮಣ್ಣು ಮಾಡಿ ಎಷ್ಟೋ ದಿನವಾದ ಮೇಲೆ, ನನಗೆ ಮುಟ್ಟಿತು. ಕೋಲಾರಕ್ಕೆ ಹೋಗುವ ಮೊದಲಿನ ಒಂಟಿತನಕ್ಕೆ ನಾನು ಹೊಂದಿಕೊಂಡಿದ್ದೆ. ಈಗಿನದಕ್ಕೆ ಅವರೆಲ್ಲರ ಮುಖಗಳಿದ್ದವು, ಅದಕ್ಕೇ ಇದು ಹೆಚ್ಚು ನೋಯುತ್ತಿತ್ತು.

ಒಂದು ಬೇಸಿಗೆ ನಾನೇ ಧೈರ್ಯ ಮಾಡಿ, ಗೊತ್ತಿದ್ದವರನ್ನೆಲ್ಲ ಮಾಲೂರಿಗೆ ಕರೆದೆ. ಶಾಲೆಯಲ್ಲಿ ಚಾಪೆ ಹಾಸಿ, ಅನ್ನ ಸಾರು ಮಾಡಿಟ್ಟು ಕಾದೆ. ಪೆಟ್ರೋಲು ಸಿಗದ ಆ ದಿನಗಳ ಇದ್ದಿಲ ಗ್ಯಾಸಿನ ಬಸ್ಸು ದಾರಿಯಲ್ಲಿ ನಿಂತು ನಿಂತು ಬರುವ ಹೊತ್ತಿಗೆ ಮಧ್ಯಾಹ್ನ ತಿರುಗಿತ್ತು. ಇಳಿದವಳು ಒಬ್ಬಳೇ. ಯಲ್ದೂರಿನಲ್ಲಿ ಮಕ್ಕಳಿಗೆ ಕೋಲಾಟದ ಹಾಡು ಕಲಿಸುತ್ತಿದ್ದ ಹುಡುಗಿ. ಬೇರೆಯವರು ಎಲ್ಲಿ ಎಂದು ಕೇಳಿದಳು. ನಾವಿಬ್ಬರೇ ಎಂದೆ. ಅವಳ ಮುಖ ಸಣ್ಣದಾಯಿತು. ಆದರೂ ಊಟ ಮಾಡಿ ಹಾಡಲು ಕೂತಳು. ಅವಳಿಗೆ ತಾಳ ತಪ್ಪುವ ಕಡೆ ನಾನು ಹೇಳಿಕೊಟ್ಟೆ. ನನಗೆ ಬಾರದ ಎರಡು ಧಾಟಿಗಳನ್ನು ಅವಳು ಕಲಿಸಿದಳು.

ಮರುದಿನ ಬಸ್ಸು ಹತ್ತುವಾಗ, "ಬರೋ ವರ್ಷಾನೂ ಕರೀತೀರಾ ಅಕ್ಕ?" ಎಂದಳು.

"ಕರೀತೀನಿ ಕಣಮ್ಮ. ಯಾರು ಬರದಿದ್ರೂ ನೀನು ಬಾ."

ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಆಮೇಲೆ ಶಾಲೆಗೆ ಹೋಗಿ ಚಾಪೆಗಳನ್ನು ಸುತ್ತಿಟ್ಟೆ.