ಹಣೆ ಮುಟ್ಟಿ ನೋಡಿದ್ದು

"ನನ್ನ ಮಗಳಿಗೆ ಸೂಜಿ ಮಾಡಿದ ಸಿಸ್ಟರ್ ಯಾರ್ರಿ?"

ಗಿಣಿಗೇರಾದ ಅಂಗನವಾಡಿ ಬಾಗಿಲಲ್ಲಿ ಕೂಸನ್ನು ಎದೆಗವುಚಿಕೊಂಡು ನಿಂತವನು ಕಾರ್ಖಾನೆಯ ಹೆಲ್ಮೆಟ್ಟನ್ನೂ ತೆಗೆದಿರಲಿಲ್ಲ. ನಾನು ಆಗಷ್ಟೇ ಮಗನಿಗೆ ಲಸಿಕೆ ಹಾಕಿಸಿ ಕೂತಿದ್ದೆ. ಸಾಲಿನಲ್ಲಿದ್ದ ಇಬ್ಬರು ತಾಯಂದಿರು ಮೆಲ್ಲಗೆ ಚಪ್ಪಲಿ ಮೆಟ್ಟಿದರು. ಮೂವರಿದ್ದರೇನೋ, ನನ್ನ ನೆನಪನ್ನು ಪೂರ್ತಿ ನಂಬಲಾರೆ.

ಸಿಸ್ಟರ್ ಮುಖ ಬಿಳಿಚಿಕೊಂಡಿತು. "ಯಾಕ್ರಿ ಅಣ್ಣಾರ, ಜ್ವರ ಭಾಳ ಬಂದಾವೇನು?"

"ಬಂದೇ ಇಲ್ರಿ! ಅದಕ್ಕ ಬಂದೀನಿ. ಹೋದ ತಿಂಗಳ ಇಕಿಗೂ ನಮ್ಮಣ್ಣನ ಮಗಗೂ ಕೂಡೇ ದಡಾರದ ಸೂಜಿ ಹಾಕಿದ್ರಿ. ಅವನ ಮೈ ಕೆಂಡ ಆಗಿತ್ತು, ಇಕಿ ನಕ್ಕೋಂತ ಆಡ್ಯಾಳ. ನೀರು ತುಂಬಿ ಚುಚ್ಚೀರೇನು? ಈಗ ಬಾಜೂ ಮನಿ ಕೂಸಿಗೆ ದಡಾರ ಆಗೈತಿ. ಇನ್ನೊಮ್ಮೆ ಹಾಕ್ರಿ!"

ಸಿಸ್ಟರ್ ನಿರಾಳವಾಗಿ ಉಸಿರು ಬಿಟ್ಟರು. "ಜ್ವರ ಬರದಿದ್ರೂ ಔಷಧ ಕೆಲಸ ಮಾಡತೈತ್ರಿ. ಒಂದೊಂದು ಕೂಸಿನ ಮೈ ಒಂದೊಂದು ಥರ."

ಅವನು ನಂಬಿದನೋ ಇಲ್ಲವೋ ತಿಳಿಯಲಿಲ್ಲ. ಹೆಲ್ಮೆಟ್ ತೆಗೆದು, ಮಗಳ ಹಣೆಗೆ ಮತ್ತೊಮ್ಮೆ ಕೈಯಿಟ್ಟು ನೋಡಿದ. ತಾಯಂದಿರು ಚಪ್ಪಲಿ ಬಿಟ್ಟು ಸಾಲಿಗೆ ಮರಳಿದರು.

ಆ ಸಂಜೆ ಮಗನ ಹಣೆ ಮುಟ್ಟಿದೆ. ತಣ್ಣಗಿತ್ತು. ಸಮಾಧಾನವಾಯಿತು ಎಂದು ಈಗ ಸುಲಭವಾಗಿ ಬರೆಯಬಹುದು. ಆದರೆ ಸ್ವಲ್ಪ ಹೊತ್ತಿಗೇ ಮತ್ತೆ ಮುಟ್ಟಿದೆನಲ್ಲ, ಅದು ಬಿಸಿಯಾಗಿದೆಯೇನೋ ಎಂಬ ಭಯಕ್ಕೋ, ಬಿಸಿಯಾಗಿರಲಿ ಎಂಬ ಆಸೆಗೋ, ಇಂದಿಗೂ ಹೇಳಲಾರೆ.